ಪ್ರತಿಯಲ್ಲಿ ಇಲ್ಲದ ಮಾತು

ಪ್ರೇಮಕಥೆಯನ್ನು ಜನ ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ. ಗಂಟಲಣ್ಣ ಅದನ್ನು ಗಟ್ಟಿಯಾಗಿ ಓದಬೇಕಿತ್ತು. ಅದೂ ಅಲ್ಪವಿರಾಮ, ಪೂರ್ಣವಿರಾಮಗಳ ಸಮೇತ, ಎದುರಿಗೆ ಕೂತ ಹೆಂಗಸೊಬ್ಬಳಿಗೆ ಕೇಳಿಸುವ ಹಾಗೆ. ಅದೇ ಅವನ ನೌಕರಿ. ದೇವರು ಕೆಲವರ ಜೊತೆ ತಮಾಷೆ ಮಾಡುವಾಗ ಸಂಬಳ ಕೊಟ್ಟೇ ಮಾಡುತ್ತಾನೆ.

ಅವನಿದ್ದ ಪ್ರೆಸ್ಸು ವರ್ಷದ ಬಹುಪಾಲು ಕೀರ್ತನೆ ಪುಸ್ತಕ, ಮದುವೆ ಕಾಗದ, ಶಾಲೆಯ ರಸೀದಿ ಇಂಥವನ್ನೇ ಅಚ್ಚು ಹಾಕುತ್ತಿತ್ತು. ಕ್ರಿಸ್ಮಸ್ ಹತ್ತಿರ ಬಂತೆಂದರೆ ಮಾತ್ರ ಅದಕ್ಕೆ ಹರೆಯ ಬರುತ್ತಿತ್ತು. ಚರ್ಚಿನ ಬಾಗಿಲಲ್ಲಿ, ಬಸ್ ನಿಲ್ದಾಣದ ಅಂಗಡಿಗಳಲ್ಲಿ ಮಾರಲೆಂದು ಐದಾರು ಪುಟ್ಟ ಕಾದಂಬರಿಗಳು ಹೊರಬೀಳುತ್ತಿದ್ದವು. ಎಲ್ಲವೂ ನೂರಿನ್ನೂರು ವರ್ಷ ಹಿಂದಿನ ಕಥೆ. ಎಲ್ಲದರಲ್ಲೂ ಹಡಗು, ಲಾಂದ್ರ, ಕುದುರೆಗಾಡಿ, ವಿಧವೆಯೋ ಅನಾಥೆಯೋ ಆದ ಒಬ್ಬಳು, ಮೊದಲು ದೇವರ ಮೇಲೆ ಮುನಿಸಿಕೊಂಡು ಕೊನೆಗೆ ರಾಜಿಯಾಗುವ ಒಬ್ಬ. ನಾಯಕ ಪ್ರಾರ್ಥನೆ ಮಾಡದೆ ನಾಯಕಿಯ ಕಿರುಬೆರಳನ್ನೂ ಮುಟ್ಟುವ ಹಾಗಿರಲಿಲ್ಲ. ಕೊನೆಯ ಅಧ್ಯಾಯದಲ್ಲಿ ಹಿಮ ಬೀಳಲೇಬೇಕು, ಕ್ರಿಸ್ಮಸ್ ಗಂಟೆ ಹೊಡೆಯಲೇಬೇಕು, ಇಬ್ಬರೂ ಒಂದಾಗಲೇಬೇಕು. ಓದುವವರು ದಡ್ಡರೇನಲ್ಲ. ಎಲ್ಲ ಗೊತ್ತಿದ್ದೂ ಪ್ರತಿ ವರ್ಷ ಕೊಳ್ಳುತ್ತಿದ್ದರು, ಪ್ರತಿ ವರ್ಷ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಲೇಖಕರು ಕೈಯಲ್ಲಿ ಬರೆದು ಕೊಟ್ಟದ್ದನ್ನು ಕೀಬೋರ್ಡಿನವನು ಕಂಪ್ಯೂಟರಿಗೆ ಹಾಕುತ್ತಿದ್ದ. ಹಾಕುವಾಗ ಸಾಲುಸಾಲೇ ನುಂಗುತ್ತಿದ್ದ. ಅವನು ನುಂಗಿದ್ದನ್ನು ಕಕ್ಕಿಸುವುದು ಗಂಟಲಣ್ಣ ಮತ್ತು ತಿದ್ದಕ್ಕನ ಕೆಲಸ. ಇವನು ಕೈಬರಹದ ಪ್ರತಿ ಹಿಡಿದು ಓದುವುದು, ಅವಳು ಕಂಪ್ಯೂಟರಿನಿಂದ ತೆಗೆದ ಪ್ರೂಫಿನ ಹಾಳೆಯ ಮೇಲೆ ಪೆನ್ಸಿಲ್ ಓಡಿಸುತ್ತಾ ಕೇಳುವುದು. ಅವಳು ಇವನ ಪ್ರತಿಯತ್ತ ಇಣುಕುವ ಹಾಗಿಲ್ಲ, ಇವನು ಅವಳ ಪ್ರೂಫಿನತ್ತ ಇಣುಕುವ ಹಾಗಿಲ್ಲ. ಇಬ್ಬರೂ ಒಂದೇ ಹಾಳೆ ನೋಡಿದರೆ ಇಬ್ಬರೂ ಒಂದೇ ಕಡೆ ಮೋಸಹೋಗುತ್ತಾರೆ ಎಂದು ಈ ನಿಯಮ. ಏನಾದರೂ ಬಿಟ್ಟುಹೋಗಿದ್ದರೆ ಅವಳ ಪೆನ್ಸಿಲ್ ಮೇಲೇಳುತ್ತಿತ್ತು. ಇವನು ನಿಂತು, ಅದೇ ಸಾಲನ್ನು ನಿಧಾನವಾಗಿ ಮತ್ತೆ ಓದುತ್ತಿದ್ದ. ಅವಳು ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದಳು. ಪೂರ್ತಿ ಹೆಸರು ಹೇಳುತ್ತಾ ಕೂತರೆ ಹೊತ್ತು ಹೋಗುತ್ತದೆಂದು ಚಿಹ್ನೆಗಳಿಗೆ ಅಡ್ಡಹೆಸರು ಇಟ್ಟುಕೊಂಡಿದ್ದರು; ಉದ್ಧರಣ ಚಿಹ್ನೆಗೆ 'ಜೋಡಿ' ಎಂದು. ಹಾಗಾಗಿ ಆ ಕೋಣೆಯ ಬಾಗಿಲಲ್ಲಿ ನಿಂತವರಿಗೆ ಕೇಳುತ್ತಿದ್ದುದು ಹೀಗೆ: "ಜೋಡಿ ತೆರೆ, ನನ್ನನ್ನು ಕ್ಷಮಿಸು ಅಲ್ಪ ಪ್ರಿಯೆ ಪೂರ್ಣ ಜೋಡಿ ಮುಚ್ಚು, ಎಂದು ಅವನು ಮೊಣಕಾಲೂರಿದ ಪೂರ್ಣ ಹೊಸ ಪ್ಯಾರಾ."

ಗಂಟಲು ಚೆನ್ನಾಗಿದ್ದವನಿಗೆ ಗಂಟಲಣ್ಣ ಎಂದೂ, ತಿದ್ದುವವಳಿಗೆ ತಿದ್ದಕ್ಕ ಎಂದೂ ಪ್ರೆಸ್ಸಿನವರು ಯಾವತ್ತೋ ಹೆಸರಿಟ್ಟಿದ್ದರು. ಒಬ್ಬ ಅಣ್ಣ, ಒಬ್ಬಳು ಅಕ್ಕ. ಇಂಥ ಇಬ್ಬರು ವರ್ಷಗಟ್ಟಲೆ ಬಾಗಿಲು ಮುಚ್ಚಿಕೊಂಡು ಪ್ರೇಮಕಥೆ ಓದಿದರೂ ಯಾರ ತಲೆಯಲ್ಲೂ ಒಂದು ಹುಳ ಹೊಕ್ಕಲಿಲ್ಲ. ಅವರಿಬ್ಬರೂ ಪರಸ್ಪರ ಆ ಹೆಸರುಗಳಿಂದ ಕರೆದುಕೊಳ್ಳುತ್ತಿರಲಿಲ್ಲ ಎಂಬುದನ್ನೂ ಯಾರೂ ಗಮನಿಸಲಿಲ್ಲ. ಅವನು "ಮೇಡಂ" ಎನ್ನುತ್ತಿದ್ದ. ಅವಳು "ಇಲ್ಲಿ ಕೇಳಿ" ಎನ್ನುತ್ತಿದ್ದಳು.

ಗಂಟಲಣ್ಣನಿಗೆ ಅವಳ ಮೇಲೆ ಮನಸ್ಸಿತ್ತು. ಸುತ್ತಿ ಬಳಸಿ ಹೇಳುವುದೇನು ಬಂತು, ಬಹಳ ವರ್ಷಗಳಿಂದ ಇತ್ತು. ಅವನಿದ್ದದ್ದು ಬೀಗ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಮದುವೆಯ ವಯಸ್ಸಿನಲ್ಲಿ ಅಪ್ಪನ ಕಾಯಿಲೆ, ಆಮೇಲೆ ತಂಗಿಯ ಮದುವೆ, ಆಮೇಲೆ ಇನ್ನೇನು ಎನ್ನುವ ಸೋಮಾರಿತನ. ರಜೆಯ ದಿನ ಬೆಳಗಿನಿಂದ ಯಾರ ಜೊತೆಯೂ ಮಾತಿಲ್ಲದೆ, ಸಂಜೆ ಅಂಗಡಿಗೆ ಹೋಗಿ "ಅರ್ಧ ಲೀಟರ್ ಹಾಲು" ಎಂದಾಗ ತನ್ನದೇ ದನಿ ಕೇಳಿ ಬೆಚ್ಚುತ್ತಿದ್ದ. ಎಲ್ಲಕ್ಕಿಂತ ಕೆಟ್ಟ ರಜೆ ಕ್ರಿಸ್ಮಸ್. ಬೆಳಿಗ್ಗೆ ಚರ್ಚಿನಲ್ಲಿ ನೂರು ಜನ ಕೈ ಕುಲುಕುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ನೂರು ಜನಕ್ಕೂ ಅವರವರ ಮನೆ ಇರುತ್ತಿತ್ತು. ಆದರೆ ಅದರ ಹಿಂದಿನ ವಾರಗಳು ಬೇರೆ. ಆ ವಾರಗಳಲ್ಲಿ ಅವನು ದಿನವಿಡೀ ಅವಳೆದುರು ಕೂತು "ನೀನಿಲ್ಲದೆ ನಾನಿರಲಾರೆ ಪೂರ್ಣ" ಎನ್ನುತ್ತಿದ್ದ. ಅವಳು "ಹ್ಞೂಂ, ಮುಂದೆ" ಎನ್ನುತ್ತಿದ್ದಳು.

ಈ ವರ್ಷ ಆ ಭಾಗ್ಯಕ್ಕೂ ಕಲ್ಲು ಬಿತ್ತು. ಕ್ರಿಸ್ಮಸ್ ಪುಸ್ತಕಗಳು ಮುಗಿದ ಮೇಲೆ ಪ್ರೂಫ್ ನೋಡುವ ಕೆಲಸವನ್ನು ಹೊರಗೆ ಕೊಡುತ್ತೇವೆ ಎಂದು ಪ್ರೆಸ್ಸಿನ ಯಜಮಾನರು ಹೇಳಿದರು. ಗಂಟಲಣ್ಣನಿಗೆ ಗೋದಾಮಿನಲ್ಲಿ ಕಟ್ಟು ಕಟ್ಟಿಸುವ ಕೆಲಸ. ತಿದ್ದಕ್ಕ ಅಷ್ಟರಲ್ಲೇ ತಾನಾಗಿ ಹೊರಟಿದ್ದಳು. ಬೇರೆ ಊರಿನಲ್ಲಿದ್ದ ಅವಳ ತಮ್ಮನ ಹೆಂಡತಿ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಎರಡು ಸಣ್ಣ ಮಕ್ಕಳು. ಮದುವೆಯಾಗದ ಸೋದರತ್ತೆಯನ್ನು ಬಿಟ್ಟರೆ ನೋಡುವವರು ಇನ್ಯಾರು? ಕೊನೆಯ ಪುಸ್ತಕ ಅಚ್ಚಿಗೆ ಹೋದ ಮಾರನೆಯ ದಿನ ಅವಳ ರೈಲು.

ಅಂದರೆ ಗಂಟಲಣ್ಣನಿಗೆ ಉಳಿದದ್ದು ಒಂದು ಪುಸ್ತಕ. ಅದು ಮುಗಿಯುವುದರೊಳಗೆ ಹೇಳಬೇಕು, ಇಲ್ಲದಿದ್ದರೆ ಇಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನಂತೆ. ಊರಿಗೇ ಒಳ್ಳೆಯ ಬಾಯಿ ಅನ್ನಿಸಿಕೊಂಡ ಇವನು ಬೆಳಿಗ್ಗೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಬರುತ್ತಿದ್ದ, ಮೆಟ್ಟಿಲು ಹತ್ತುತ್ತಿದ್ದ, "ಮೇಡಂ" ಎನ್ನುತ್ತಿದ್ದ. ಅವಳು ತಲೆಯೆತ್ತಿದರೆ "ಏನಿಲ್ಲ, ಫ್ಯಾನ್ ಕಡಿಮೆ ಮಾಡ್ಲಾ?" ಎನ್ನುತ್ತಿದ್ದ. ಆ ವಾರ ಫ್ಯಾನು ಎಷ್ಟು ಸಲ ಏರಿ ಇಳಿಯಿತೋ ಪಾಪ.

ಕೊನೆಯ ಪುಸ್ತಕ ಒಬ್ಬ ನಿವೃತ್ತ ಹೆಡ್‌ಮೇಡಂ ಬರೆದದ್ದು. ಆಕೆಯ ಕಥೆಗಳೆಂದರೆ ಜನ ಮುಗಿಬೀಳುತ್ತಿದ್ದರು. ಬಂದರಿನ ಪಕ್ಕ ಊಟದ ಮನೆ ನಡೆಸುವ ವಿಧವೆ, ಹಡಗು ಕಟ್ಟುವ ಬಡಗಿ. ಬಡಗಿ ದಿನಾ ಸಂಜೆ ಬಂದು ಅವಳೆದುರಿನ ಮೇಜಿನಲ್ಲಿ ಕೂರುತ್ತಾನೆ, ಉಣ್ಣುತ್ತಾನೆ, ಹೋಗುತ್ತಾನೆ. ಕ್ರಿಸ್ಮಸ್ ಹಿಂದಿನ ದಿನ ವಿಧವೆ ಊರು ಬಿಡಲು ಗಂಟುಮೂಟೆ ಕಟ್ಟುತ್ತಾಳೆ. ಇದನ್ನು ಓದುವಾಗ ಗಂಟಲಣ್ಣನಿಗೆ ಲೇಖಕಿ ತನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದಾಳೆ ಅನ್ನಿಸಿ ಮೈಯೆಲ್ಲ ಬೆವರಿತು.

ಕೊನೆಯ ಅಧ್ಯಾಯ ಬಂತು. ಹಿಮ ಬಿತ್ತು, ಗಂಟೆ ಹೊಡೆಯಿತು. ಪ್ರತಿಯಲ್ಲಿ ಇದ್ದದ್ದು ಇಷ್ಟೇ: ಬಡಗಿ ಬಾಗಿಲಲ್ಲಿ ಬಂದು ನಿಂತ, ಕಣ್ಣು ಮುಚ್ಚಿ ಪ್ರಾರ್ಥಿಸಿದ, ಅವಳ ಕೈ ಹಿಡಿದ, ಅವಳು ಅವನ ಭುಜಕ್ಕೆ ಒರಗಿದಳು. ಅವನು ಏನನ್ನೂ ಕೇಳುವುದಿಲ್ಲ, ಅವಳು ಏನನ್ನೂ ಹೇಳುವುದಿಲ್ಲ, ಎಲ್ಲ ದೇವರೇ ನೋಡಿಕೊಳ್ಳುತ್ತಾನೆ. ಗಂಟಲಣ್ಣನಿಗೆ ಸಿಟ್ಟು ಬಂತು. ಇವನಿಗೂ ಬಾಯಿಲ್ಲವೇ? ಈಗಲ್ಲದಿದ್ದರೆ ಇನ್ನಿಲ್ಲ ಎಂದುಕೊಂಡು, ಬಡಗಿ ಬಾಗಿಲಿಗೆ ಬಂದ ಸಾಲಿನಲ್ಲೇ ಪ್ರತಿಯಿಂದ ಕಣ್ಣು ತೆಗೆದು, ಅವಳ ಬಾಗಿದ ತಲೆಯನ್ನೇ ನೋಡುತ್ತಾ ಹೇಳಿಯೇಬಿಟ್ಟ. ಹೇಳಬೇಕೆಂದಿದ್ದದ್ದು ತನ್ನ ಸ್ವಂತ ದನಿಯಲ್ಲಿ. ಆದರೆ ಅವಳೆದುರು ಇಷ್ಟು ವರ್ಷ ಒಂದೇ ದನಿಯಲ್ಲಿ ಮಾತಾಡಿದ ಬಾಯಿಗೆ ಬೇರೆ ದಾರಿ ಗೊತ್ತಿರಲಿಲ್ಲ.

"ಜೋಡಿ ತೆರೆ," ಎಂದ. "ಹೋಗಬೇಡ ಪೂರ್ಣ. ನಿನ್ನೆದುರು ಕೂತು ಕೂತು ಅಲ್ಪ, ನನಗೆ ಬೇರೆಲ್ಲೂ ಕೂರಲು ಬರುವುದಿಲ್ಲ ಪೂರ್ಣ. ನನ್ನ ಜೊತೆ ಇರುತ್ತೀಯಾ?"

ಜನ್ಮದಲ್ಲಿ ಮೊದಲ ಸಲ ಅವಳನ್ನು 'ನೀನು' ಎಂದಿದ್ದ. ಅವಳ ಪೆನ್ಸಿಲ್ ಮೇಲೆದ್ದಿತು.

"ಇಲ್ಲಿ ಕೇಳಿ. ಇದು ಪೂರ್ತಿ ಬಿಟ್ಟುಹೋಗಿದೆ. ಮತ್ತೆ ಓದಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಅವಳ ತಪ್ಪೇನೂ ಇಲ್ಲ. ಇಷ್ಟು ವರ್ಷಗಳಲ್ಲಿ ಗಂಟಲಣ್ಣ ಪ್ರತಿಯಲ್ಲಿ ಇಲ್ಲದ ಒಂದು ಅಕ್ಷರವನ್ನೂ ಓದಿದವನಲ್ಲ. ಅವನು ಓದಿದನೆಂದರೆ ಅದು ಪ್ರತಿಯಲ್ಲಿ ಇದ್ದೇ ಇರುತ್ತದೆ; ಆ ನಂಬಿಕೆಯ ಮೇಲೇ ಅವಳ ಕೆಲಸ ನಿಂತಿತ್ತು. ಇಲ್ಲ ಮೇಡಂ, ಇದು ನನ್ನ ಮಾತು ಎನ್ನಬೇಕಿತ್ತು. ಅವನು ಪದಪದ ಬಿಡಿಸಿ, ಅವಳು ಬರೆದುಕೊಳ್ಳಲು ಅನುಕೂಲವಾಗುವ ಹಾಗೆ ಇನ್ನೊಮ್ಮೆ ಓದಿದ.

"ಬೇರೆಲ್ಲೂ... ಕೂರಲು... ಬರುವುದಿಲ್ಲ... ಹ್ಞಾಂ. ಕೊನೇಲಿ ಏನು, ಪೂರ್ಣವಾ ಪ್ರಶ್ನೆಯಾ?"

"ಪ್ರಶ್ನೆ."

"ಪುಣ್ಯಾತ್ಮ, ಇಷ್ಟು ಮುಖ್ಯವಾದ ಮಾತನ್ನೇ ನುಂಗಿದಾನಲ್ಲ!" ಎಂದು ಅವಳು ಕೀಬೋರ್ಡಿನವನನ್ನು ಬೈದಳು. ಬರೆದದ್ದನ್ನು ತಾನೇ ಒಮ್ಮೆ ಮನಸ್ಸಿನಲ್ಲಿ ಓದಿಕೊಂಡಳು. "ಚೆನ್ನಾಗಿ ಕೇಳಿದಾನೆ ಬಡಗಿ. ಸ್ವಲ್ಪ ಮುಂಚೆ ಕೇಳಬಾರದಿತ್ತಾ? ಗಾಡಿ ಬಾಗಿಲಿಗೆ ಬಂದ ಮೇಲೆ ಕೇಳ್ತಾನೆ."

"ಅವಳು ಏನಂತಾಳೆ ಅಂತೀರಿ ಮೇಡಂ?" ಗಂಟಲಣ್ಣನಿಗೆ ಅಷ್ಟು ಹೇಳಲು ಎಲ್ಲಿಂದ ಧೈರ್ಯ ಬಂತೋ.

"ನನ್ನ ಕೇಳಿದ್ರೆ? ಪ್ರತಿ ನಿಮ್ಮ ಕೈಯಲ್ಲಿದೆ, ಮುಂದೆ ಓದಿ."

ಅವನು ಮುಂದೆ ಓದಿದ. ಬಡಗಿ ಪ್ರಾರ್ಥಿಸಿದ, ಅವಳು ಒರಗಿದಳು, ಪೂರ್ಣ, ಮುಗಿಯಿತು. ಮಾರನೆಯ ದಿನ ಪ್ರೆಸ್ಸಿನವರೆಲ್ಲ ರೈಲು ನಿಲ್ದಾಣಕ್ಕೆ ಹೋಗಿದ್ದರು. ಗಂಟಲಣ್ಣ ಎಲ್ಲರ ಹಿಂದೆ ನಿಂತು ಅವಳ ಒಂದು ಪೆಟ್ಟಿಗೆಯನ್ನು ಎತ್ತಿಕೊಟ್ಟ. "ಗಂಟಲು ನೋಡ್ಕೊಳ್ಳಿ, ಚಳಿ ಇದೆ," ಎಂದಳು. ಅವಳು ಅವನಿಗೆ ಹೇಳಿದ್ದು ಅಷ್ಟೇ. ಆ ಮಾತನ್ನು ಅವನು ಬೀಗದಂಗಡಿಯ ಮೇಲಿನ ಕೋಣೆಯಲ್ಲಿ ದಿನಗಟ್ಟಲೆ ತಿರುಗಿಸಿ ಮುರುಗಿಸಿ ನೋಡಿದ. ಅದರಲ್ಲಿ ಏನೂ ಸಿಗಲಿಲ್ಲ.

ಕ್ರಿಸ್ಮಸ್ ಹಿಂದಿನ ದಿನ ಪ್ರೆಸ್ಸಿಗೆ ಅರ್ಧ ದಿನ ಕೆಲಸ. ಗೋದಾಮಿನಲ್ಲಿ ಕಟ್ಟು ಕಟ್ಟಿಸುತ್ತಿದ್ದ ಗಂಟಲಣ್ಣನಿಗೆ ಯಜಮಾನರ ಕರೆ ಬಂತು. ಹೋದರೆ ಅಲ್ಲಿ ಹೆಡ್‌ಮೇಡಂ ಕೂತಿದ್ದಾಳೆ, ಮುಖ ಗಂಟು ಹಾಕಿಕೊಂಡು. ಮೇಜಿನ ಮೇಲೆ ಹೊಸ ಪುಸ್ತಕ, ಹಳೆಯ ಪ್ರೂಫು.

"ನನ್ನ ನಾಯಕ ಪ್ರಾರ್ಥನೆ ಮಾಡೋಕೆ ಮುಂಚೆ ನಾಯಕೀನ ಕೇಳಿಬಿಟ್ಟಿದ್ದಾನೆ!" ಎಂದು ಆಕೆ ಗುಡುಗಿದಳು. "ಇಷ್ಟು ಪುಸ್ತಕ ಬರೆದಿದ್ದೀನಿ, ಒಬ್ಬನೂ ಹಾಗೆ ಮಾಡಿಲ್ಲ. ಅದಕ್ಕಿಂತ ಉರಿ ಏನು ಗೊತ್ತಾ? ಬೆಳಗಿಂದ ಸಿಕ್ಕಿದವರೆಲ್ಲ ಆ ಒಂದು ಸಾಲನ್ನೇ ಹೊಗಳ್ತಾರೆ. ನಾನು ಬರೆಯದೇ ಇರೋದನ್ನ!"

ಯಜಮಾನರು ಸಮಾಧಾನ ಮಾಡಿದರು. "ಆಯ್ತು ಮೇಡಂ, ಯಾರು ಮಾಡಿದ್ದು ಅಂತ ಗೊತ್ತಾಯ್ತಲ್ಲ. ನೋಡಪ್ಪ ಗಂಟಲಣ್ಣ, ಅಂಚಿನಲ್ಲಿ ಇರೋದು ತಿದ್ದಕ್ಕನ ಅಕ್ಷರ. ಈಗಷ್ಟೇ ಅವರ ತಮ್ಮನ ಮನೆಗೆ ಫೋನ್ ಮಾಡಿದ್ದೆ. ಪ್ರತಿಯಲ್ಲಿ ಈ ಮಾತೇ ಇಲ್ವಲ್ಲ ಅಂದೆ. ಎಷ್ಟೋ ಹೊತ್ತು ದನಿಯೇ ಇಲ್ಲ. ಲೈನ್ ಹೋಯ್ತೇನೋ ಅಂದ್ಕೊಂಡೆ. ಆಮೇಲೆ 'ನಾನೇ ಸೇರಿಸಿದ್ದು, ಓದಿದವರ ತಪ್ಪಿಲ್ಲ' ಅಂದ್ರು. ಇಷ್ಟು ವರ್ಷ ಒಂದೂ ತಪ್ಪು ಮಾಡದವರು ಹೋಗೋ ದಿನ ಹೀಗೆ ಮಾಡೋದಾ? ನಿನಗೆ ಏನಾದ್ರೂ ಗೊತ್ತಿತ್ತಾ?"

ಗಂಟಲಣ್ಣ ಪ್ರೂಫಿನ ಅಂಚಿನ ಆ ಅಕ್ಷರಗಳನ್ನೇ ನೋಡಿದ. ಅವಳಿಗೆ ಗೊತ್ತಾಯಿತು. ಆ ಸದ್ದಿಲ್ಲದ ಹೊತ್ತಿನಲ್ಲಿ ಅವಳಿಗೆ ಎಲ್ಲ ಗೊತ್ತಾಗಿದೆ. ಗೊತ್ತಾದ ಮೇಲೆ, ತನ್ನ ಒಳ್ಳೆಯ ಹೆಸರನ್ನು ತೆಗೆದು ಇವನ ತಪ್ಪಿನ ಮೇಲೆ ಹೊದಿಸಿದ್ದಾಳೆ.

"ಅವರು ಹೇಳಿದ್ದು ಸುಳ್ಳು ಸಾರ್," ಎಂದ. "ನಾನು ಓದಿದ್ದನ್ನ ಅವರು ಬರೆದ್ರು."

"ಪ್ರತಿಯಲ್ಲಿ ಇಲ್ಲದೇ ಇರೋದನ್ನ ನೀನು ಹೇಗಪ್ಪ ಓದ್ತೀಯಾ?"

"ಅದು ಓದಿದ್ದಲ್ಲ. ನಾನು ಅವರನ್ನ ಕೇಳಿದ್ದು."

ಯಜಮಾನರಿಗೆ ತಕ್ಷಣ ಹೊಳೆಯಲಿಲ್ಲ. ಪ್ರೇಮಕಥೆ ಬರೆಯುವವಳಿಗೆ ಹೊಳೆಯಿತು. ಆಕೆಯ ಮುಖದ ಗಂಟು ಸಡಿಲವಾಯಿತು.

"ಅಯ್ಯೋ! ಕೇಳಿದ್ದಕ್ಕೆ ಅವರು ಏನಂದ್ರು?"

"ಬರ್ಕೊಂಡ್ರು."

ಹೆಡ್‌ಮೇಡಂ ಎದ್ದಳು. ಫೋನನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು. ಏನೋ ಕೇಳಲು ಬಾಯಿ ತೆರೆದ ಯಜಮಾನರನ್ನು ಶಾಲೆಯ ಮಕ್ಕಳನ್ನು ನಡೆಸಿಕೊಂಡು ಹೋಗುವ ಹಾಗೆ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದಳು.

ಗಂಟಲಣ್ಣ ಅದೇ ನಂಬರಿಗೆ ಮತ್ತೆ ಮಾಡಿದ. ಆ ಕಡೆ ತಿದ್ದಕ್ಕನೇ ಎತ್ತಿದಳು. ಹಿಂದೆ ಮಗುವೊಂದು ರಚ್ಚೆ ಹಿಡಿದು ಅಳುತ್ತಿತ್ತು.

"ಮೇಡಂ, ನಾನು."

"ಗೊತ್ತಾಯ್ತು. ಈ ದನಿ ಗೊತ್ತಾಗದೆ ಇರುತ್ತಾ?"

"ನೀವು ಯಾಕೆ ತಪ್ಪು ಮೈಮೇಲೆ ಹಾಕ್ಕೊಂಡ್ರಿ?"

"ಮತ್ತೆ ಏನು ಹೇಳಲಿ? ನೀವು ತಪ್ಪು ಓದಿದ್ರಿ ಅಂತಲಾ? ಯಾರು ನಂಬ್ತಾರೆ?" ಅವಳು ಮಗುವಿಗೆ ಏನೋ ಹೇಳಿ ಮತ್ತೆ ಫೋನಿಗೆ ಬಂದಳು. "ಅದು ಬಡಗಿ ಹೇಳಿದ್ದಲ್ಲ, ಅಲ್ವಾ?"

"ಅಲ್ಲ."

"ಒಂದ್ಸಲ ಹೇಳಿ ಹಾಗಾದ್ರೆ. ಚಿಹ್ನೆ ಬೇಡ."

ಅವನು ಹೇಳಿದ. ಊರನ್ನೇ ತಲೆದೂಗಿಸುತ್ತಿದ್ದ ಗಂಟಲು ಎರಡು ಕಡೆ ಎಡವಿತು. 'ಇರುತ್ತೀಯಾ' ಎನ್ನುವಾಗ ಅವನಿಗೆ 'ಇರುತ್ತೀರಾ' ಎನ್ನಬೇಕು ಅನ್ನಿಸಿತು, ಅನ್ನಲಿಲ್ಲ.

"ಇಷ್ಟು ವರ್ಷ ಕಾದಿದ್ದೀನಿ ನಾನು," ಎಂದಳು. "ಪ್ರತಿಯಲ್ಲಿ ಇಲ್ಲದ ಒಂದೇ ಒಂದು ಮಾತು ಈ ಮನುಷ್ಯನ ಬಾಯಿಂದ ಬರುತ್ತಾ ಅಂತ. ಬಂದ ದಿನ ಪೆನ್ಸಿಲ್ ಹಿಡ್ಕೊಂಡು ಕೂತು ಅಂಚಿನಲ್ಲಿ ಬರ್ಕೊಂಡೆ. ಪ್ರಶ್ನೆಯಾ ಪೂರ್ಣವಾ ಅಂತ ಬೇರೆ ಕೇಳಿದೆ." ಅವಳು ನಗಲು ನೋಡಿದಳು, ಆಗಲಿಲ್ಲ.

"ಹಾಗಾದ್ರೆ ಬಂದುಬಿಡಿ."

"ಬರೋಕಾಗಲ್ಲ. ಈ ಚಿಕ್ಕದು ನಾನು ಬಚ್ಚಲಿಗೆ ಹೋದ್ರೂ ಬಾಗಿಲ ಹತ್ರ ಕೂತು ಅಳುತ್ತೆ. ಅಮ್ಮನೂ ಹಾಗೇ ಹೋದ್ಲು ಅಂತ ಅದರ ಲೆಕ್ಕ."

"ನಾನೇ ಅಲ್ಲಿಗೆ ಬಂದ್ರೆ?"

"ಎರಡು ಕೋಣೆ ಇದೆ ಇಲ್ಲಿ. ಹೆಂಡತಿ ಸತ್ತು ವರ್ಷ ಆಗದ ತಮ್ಮನ ಮುಂದೆ ನಿಂತು, ನನಗೆ ಮದುವೆ ಕಣೋ ಅಂತ ಯಾವ ಬಾಯಲ್ಲಿ ಹೇಳಲಿ?"

"ಈಗಲೇ ಅಂತ ಅಲ್ಲ. ಮುಂದೆ ಯಾವಾಗಾದ್ರೂ. ನಾನು ಕಾಯ್ತೀನಿ."

"ಹಾಗೆಲ್ಲ ಹೇಳಬೇಡಿ," ಎಂದಳು. "ನೀವು ಹೇಳಿದ್ದನ್ನ ನಂಬಿ ನಂಬಿ ನನಗೆ ಅಭ್ಯಾಸ ಆಗಿಹೋಗಿದೆ. ಇದನ್ನೂ ನಂಬಿಬಿಡ್ತೀನಿ. ಬೇಡ, ಇಡ್ತೀನಿ." ಮಗುವಿನ ಅಳು ಒಮ್ಮೆ ಹತ್ತಿರ ಬಂದು ನಿಂತುಹೋಯಿತು. ಫೋನು ಇಟ್ಟಿದ್ದಳು.

ಯಜಮಾನರು ಅವನಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಡ್‌ಮೇಡಂ ಅವನ ಮುಖ ನೋಡಿ ಏನೂ ಕೇಳದೆ, ಮುಂದಿನ ಮುದ್ರಣದಲ್ಲೂ ಆ ಸಾಲು ಇರಲಿ ಎಂದಳು. ಪ್ರೆಸ್ಸಿಗೆ ಬೀಗ ಬಿತ್ತು. ಎಲ್ಲರೂ ಒಬ್ಬರಿಗೊಬ್ಬರು ಶುಭಾಶಯ ಹೇಳಿಕೊಂಡು ಅವರವರ ದಾರಿ ಹಿಡಿದರು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ತೊಡೆಯ ಮೇಲೂ ಉಡುಗೊರೆಯ ಪೊಟ್ಟಣ, ಎಲ್ಲರಿಗೂ ಮನೆ ಸೇರುವ ಅವಸರ. ಗಂಟಲಣ್ಣನಿಗೆ ಹೇಗೋ ಒಂದು ಸೀಟು ಸಿಕ್ಕಿತು. ಪಕ್ಕದಲ್ಲಿ ಆಸ್ಪತ್ರೆಯ ನರ್ಸೊಬ್ಬಳು, ಕೆಲಸದ ಬಟ್ಟೆಯಲ್ಲೇ, ಬಗ್ಗಿ ಪುಸ್ತಕ ಓದುತ್ತಿದ್ದಳು. ಯಾವ ಪುಸ್ತಕ ಎಂದು ಹೇಳಬೇಕಾಗಿಲ್ಲ. ಆ ವಾರ ಊರಿನಲ್ಲಿ ಅರ್ಧ ಜನ ಅದನ್ನೇ ಓದುತ್ತಿದ್ದರು. ಅವಳು ಪುಟ ತಿರುಗಿಸಿದಳು, ನಡುವೆ ನಿಂತಳು, ಬೆರಳು ಅಡ್ಡವಿಟ್ಟು ಪುಸ್ತಕ ಮುಚ್ಚಿ ಉಸಿರು ಬಿಟ್ಟಳು.

"ಈ ಬಡಗಿ ಕೇಳೋ ರೀತಿ ನೋಡಿ," ಎಂದಳು. ಯಾರಿಗಾದರೂ ಹೇಳಲೇಬೇಕಿತ್ತು, ಪಕ್ಕದಲ್ಲಿ ಇವನಿದ್ದ. "ಇಂಥವರೆಲ್ಲ ಕಥೇಲಿ ಮಾತ್ರ ಇರ್ತಾರೆ. ನಿಜವಾದ ಗಂಡಸರಿಗೆ ಬಾಯಿ ಎಲ್ಲಿ ಬರುತ್ತೆ? ನೀವು ಇದನ್ನ ಓದಿದ್ದೀರಾ?"

"ಓದಿದ್ದೀನಿ."

ಬಸ್ಸು ನಿಧಾನವಾಯಿತು. ಅವಳು ಕಿಟಕಿಯಾಚೆ ನೋಡಿ ಗಡಿಬಿಡಿಯಿಂದ ಎದ್ದಳು.

"ಅಯ್ಯೋ, ನನ್ನ ಸ್ಟಾಪ್ ಬಂತು. ಮನೆಗೆ ಹೋದ್ರೆ ಇನ್ನು ಎರಡು ದಿನ ಪುಸ್ತಕ ಮುಟ್ಟೋಕಾಗಲ್ಲ. ಹೇಳ್ಬಿಡಿ ಸಾರ್, ಅವಳು ಒಪ್ತಾಳಾ?"

ಒಂದು ಸಲ ಬಿಟ್ಟರೆ ಎಂದೂ ಪ್ರತಿಯಲ್ಲಿ ಇದ್ದದ್ದನ್ನೇ ಓದಿದ ಮನುಷ್ಯ.

"ಒಪ್ತಾಳೆ," ಎಂದ.

"ಅಬ್ಬ!" ಎಂದು ಅವಳ ಮುಖ ಅರಳಿತು. ಜನರನ್ನು ತಳ್ಳಿಕೊಂಡು ಇಳಿದು, ಕಿಟಕಿಯ ಕೆಳಗೆ ನಿಂತು, "ಹ್ಯಾಪಿ ಕ್ರಿಸ್ಮಸ್ ಸಾರ್!" ಎಂದು ಕೈ ಬೀಸಿದಳು. ಗಂಟಲಣ್ಣ "ನಿಮಗೂ" ಎಂದ. ಅಷ್ಟರಲ್ಲಿ ಬಸ್ಸು ಹೊರಟಿತ್ತು, ಅದು ಅವಳಿಗೆ ಕೇಳಿಸಲಿಲ್ಲ.